ಐದನೆಯ ವರ್ಷದ ಜವಳ

ಇದನ್ನು ಬರೆಯಬೇಕೆಂದು ಕುಳಿತದ್ದು ಇದು ಮೊದಲ ಸಲವಲ್ಲ. ಶ್ರಾವಣ ಕಳೆಯಲಿ, ಕಣ್ಣಿನ ಪೊರೆ ತೆಗೆಸಿಕೊಂಡ ಮೇಲೆ ನೋಡೋಣ ಎಂದು ಏನಾದರೊಂದು ನೆಪ ತೆಗೆದು ಮುಂದೂಡಿದ್ದೇನೆ. ಮುಂದೂಡುವುದು ನನಗೆ ಹೊಸದಲ್ಲ. ನಾನು ಮಾಡಿದ ತಪ್ಪೂ ಅದೇ. ಯಾರನ್ನೂ ಬೈಯಲಿಲ್ಲ, ಹೊಡೆಯಲಿಲ್ಲ. ಮುಂದಿನ ವರ್ಷ, ಮುಂದಿನ ವರ್ಷ ಎನ್ನುತ್ತಾ ಹೋದೆ.

ನಾನು ಗಜೇಂದ್ರಗಡದ ನೇಕಾರ. ಎಸ್ಸೆಸ್ಸೆಲ್ಸಿ ಮುಗಿಸಿ ಅಪ್ಪನ ಮಗ್ಗಕ್ಕೆ ಕುಳಿತವನು ಅಲ್ಲೇ ಮುದುಕನಾದೆ. ನನಗಿದ್ದವಳು ಒಬ್ಬಳೇ ತಂಗಿ. ಎರಡು ಸಾವಿರದ ಇಸವಿ ಆಗಷ್ಟೇ ದಾಟಿತ್ತು. ಮದುವೆಯಾಗುತ್ತೇನೆಂದು ಅವಳಿಗೆ ಮಾತು ಕೊಟ್ಟವನು ಊರು ಬಿಟ್ಟು ಹೋದ. ತಂಗಿಗೆ ಆಗ ಐದು ತಿಂಗಳು. ಅವಳನ್ನು ಹೊಳೆಆಲೂರಿಗೆ ಕರೆದೊಯ್ದು, ಒಂದು ಖೋಲಿ ಹಿಡಿದುಕೊಟ್ಟು, ಹೊಲಿಗೆ ಯಂತ್ರ ಇಟ್ಟು ಬಂದೆ. ಆಸರೆ ಕೊಟ್ಟೆನೆಂದುಕೊಂಡಿದ್ದೆ. ನಮ್ಮ ಊರಿನ ಕಣ್ಣಿಗೆ ಬೀಳದಂತೆ ಇಟ್ಟೆ ಎಂಬುದು ಖರೆ.

ಗಂಡು ಹುಟ್ಟಿತು. ನಮ್ಮಲ್ಲಿ ಮಗುವಿನ ಹುಟ್ಟುಗೂದಲಿಗೆ ಸೋದರಮಾವನೇ ಮೊದಲು ಕತ್ತರಿ ಹಾಕಬೇಕು. ಕೂಸನ್ನು ತೊಡೆಯ ಮೇಲೆ ಕೂರಿಸಿಕೊಂಡು ಅವನು ಒಂದು ಎಳೆ ಕತ್ತರಿಸಿದ ಮೇಲೆ ಉಳಿದದ್ದನ್ನು ಕ್ಷೌರಿಕ ಬೋಳಿಸುತ್ತಾನೆ. ಅದಕ್ಕೆ ಜವಳ ಎನ್ನುತ್ತೇವೆ. ಒಂದು, ಮೂರು, ಐದು, ಹೀಗೆ ಬೆಸ ವರ್ಷದಲ್ಲಿ ಮಾಡುತ್ತಾರೆ. ಅಲ್ಲಿಯವರೆಗೆ ಕೂದಲಿಗೆ ಕತ್ತರಿ ತಾಗಿಸುವಂತಿಲ್ಲ. ಮಾವ ಬಂದು ತೊಡೆಯ ಮೇಲೆ ಕೂರಿಸಿಕೊಂಡನೆಂದರೆ ಈ ಕೂಸು ನಮ್ಮ ಮನೆಯದು ಎಂದು ನಾಲ್ಕು ಜನರೆದುರು ಹೇಳಿದಂತೆ. ಅಪ್ಪನ ಹೆಸರು ಹೇಳಲಾಗದ ಮಗನಿಗೆ ಮಾವನಾದರೂ ಇದ್ದಾನೆಂದು ತೋರಿಸಬೇಕು, ತಂಗಿಗೆ ಬೇಕಿದ್ದದ್ದು ಅದೊಂದೇ.

ಮೊದಲ ವರ್ಷ ಅವ್ವ ತೀರಿಕೊಂಡಳು, ನೆಪ ಸಿಕ್ಕಿತು. ಮೂರನೆಯ ವರ್ಷ ಹುಡುಗನಿಗೆಂದು ಹೊಸ ಅಂಗಿಯನ್ನೂ ತಂದಿಟ್ಟಿದ್ದೆ. ಅಷ್ಟರಲ್ಲಿ ನರಗುಂದದವರು ನನ್ನ ಮಗಳನ್ನು ನೋಡಲು ಬಂದರು. ನಿಮ್ಮ ತಂಗಿಯನ್ನು ಯಾವ ಊರಿಗೆ ಕೊಟ್ಟಿದ್ದೀರಿ ಎಂದು ವರನ ತಾಯಿ ಕೇಳಿದಾಗ ಸೊಲ್ಲಾಪುರಕ್ಕೆ ಎಂದುಬಿಟ್ಟೆ. ಸಂಬಂಧ ಕೂಡಿತು. ಅಂಗಿ ಟ್ರಂಕಿನ ತಳ ಸೇರಿತು.

ಹುಡುಗನಿಗೆ ನಾಲ್ಕಾದಾಗ ತಂಗಿ ಅವನನ್ನು ಕರೆದುಕೊಂಡು ಹೇಳದೆ ಕೇಳದೆ ಗಜೇಂದ್ರಗಡಕ್ಕೆ ಬಂದಳು. ಬಸ್ ಸ್ಟ್ಯಾಂಡಿನಿಂದ ಫೋನ್ ಮಾಡಿದಳು. ನಾನು ಮನೆಗೆ ಕರೆತರದೆ ಅಲ್ಲೇ ಚಹಾದ ಅಂಗಡಿಯಲ್ಲಿ ಕೂರಿಸಿದೆ. ಹುಡುಗನಿಗೆ ಎರಡು ಜಡೆ, ಕೆಂಪು ರಿಬ್ಬನ್ನು.

"ಹುಡಿಗೀಗೆ ಹಾಲು ಕೊಡ್ಲೇನ್ರಿ?" ಎಂದ ಚಹಾದವನು.

"ನಾ ಹುಡುಗ ಅದೀನಿ," ಎಂದು ಹುಡುಗ ಮುಖ ತಿರುಗಿಸಿದ.

ತಂಗಿ ನಗಲಿಲ್ಲ. "ಅಣ್ಣಾ, ಬರೋ ವರ್ಷ ಇವನ್ನ ಸಾಲಿಗೆ ಹಚ್ಚಬೇಕು. ಓಣಿ ಹುಡುಗರು ಈಗ ಜಡಿ ಹಿಡದು ಜಗ್ತಾವ. ನೀ ಬಂದು ಒಂದು ಎಳಿ ಕತ್ತರಿಸಿ ಹೋಗು, ಸಾಕು. ನಿಂತು ಊಟಾನೂ ಮಾಡಬ್ಯಾಡ."

"ಇದು ಬೆಸ ವರ್ಷ ಅಲ್ಲ. ಐದಕ್ಕ ಖಂಡಿತ ಬರ್ತೀನಿ."

ಹುಡುಗ ನನ್ನ ಅಂಗಿಯ ಕಿಸೆ ಮುಟ್ಟಿ ನೋಡಿದ. "ಮಾಮಾ, ಕತ್ರಿ ತಂದೀಯೇನು?"

ನಾನು ಚಹಾ ಕುಡಿದೆ.

ಐದನೆಯ ವರ್ಷ ಬಂತು. ಒಂದು ಸೋಮವಾರ ಇಟ್ಟುಕೊಂಡಿದ್ದೇನೆಂದು ತಂಗಿ ತಿಳಿಸಿದಳು. ಬರುತ್ತೇನೆಂದೆ. ಆದರೆ ಅದೇ ಸೋಮವಾರ ಮಗಳೂ ಅವಳ ಅತ್ತೆಯೂ ನಮ್ಮಲ್ಲಿಗೆ ಬರುತ್ತಾರೆಂದು ಹಿಂದಿನ ದಿನ ಗೊತ್ತಾಯಿತು. ಬೀಗಿತಿಯ ಎದುರು ಎಲ್ಲಿಗೆಂದು ಹೇಳಿ ಹೊರಡಲಿ? ತಂಗಿಯ ಖೋಲಿಯ ಪಕ್ಕದಲ್ಲಿ ಗಾದಿ ಹೊಲಿಯುವ ಒಬ್ಬ ಹಿರಿಯ ಮುಸಲ್ಮಾನರ ಅಂಗಡಿಯಿತ್ತು. ಫೋನು ಇದ್ದದ್ದು ಅಲ್ಲಿ. ಇನ್ನೊಂದು ವಾರ ತಡೆಯಲು ಹೇಳಿರೆಂದು ಅವರಿಗೆ ಹೇಳಿದೆ.

"ಐದು ವರ್ಷ ತಡದಾಳ್ರಿ ಆಕಿ," ಎಂದರು ಅವರು. "ಹೇಳ್ತೀನಿ, ಬಿಡ್ರಿ."

ಮರುದಿನ ಮುಂಜಾನೆ ಬೀಗಿತಿ ಬಂದು ಕುಳಿತರು. ಅವಲಕ್ಕಿಯ ತಾಟು ಕೈಗೆ ತೆಗೆದುಕೊಂಡು ನನ್ನನ್ನೇ ನೋಡಿದರು. "ಇವತ್ತ ನಿಮ್ಮ ತಂಗೀ ಮಗಂದು ಜವಳ ಅಂತಲ್ರಿ, ನಿಮ್ಮ ಮಗಳು ಅಂದ್ಲು. ನೀವಿನ್ನೂ ಇಲ್ಲೇ ಅದೀರಿ. ಸೊಲ್ಲಾಪುರದ ಬಸ್ಸು ಸಿಗಲಿಲ್ಲೇನು?"

ನಾನು ನೀರಿನ ತಂಬಿಗೆಯನ್ನು ಅವರ ಕಡೆ ಸರಿಸಿದೆ.

"ಲಗ್ನಕ್ಕ ಮೊದಲ ಗೊತ್ತಿತ್ರಿ ನಮಗ. ನೀವು ಸೊಲ್ಲಾಪುರ ಅಂದಾಗ ನಿಮ್ಮ ಮನಿಯವರ ಮಾರಿ ನೋಡಿದ್ನಿ, ಆಮ್ಯಾಲ ವಿಚಾರಿಸಿದ್ನಿ. ನಾವು ನೋಡಾಕ ಬಂದಿದ್ದು ನಿಮ್ಮ ಮಗಳನ್ನ. ಆ ಕೂಸು ಏನು ಮಾಡೇತಿ ಪಾಪ? ಏಳ್ರಿ, ಲಗೂ ಹೋಗ್ರಿ."

ಟ್ರಂಕಿನಿಂದ ಅಂಗಿ ತೆಗೆದು, ಕತ್ತರಿಯೊಂದಿಗೆ ಚೀಲಕ್ಕೆ ಹಾಕಿಕೊಂಡು ಹೊರಟೆ. ರೋಣದಲ್ಲಿ ಬಸ್ಸು ಬದಲಿಸಿ ಹೊಳೆಆಲೂರು ತಲುಪುವಷ್ಟರಲ್ಲಿ ಮಧ್ಯಾಹ್ನ ಇಳಿದಿತ್ತು.

ತಂಗಿಯ ಖೋಲಿಯ ಮುಂದೆ ಓಣಿಯ ಹೆಂಗಸರೆಲ್ಲ ಸಾಲಾಗಿ ಊಟಕ್ಕೆ ಕುಳಿತಿದ್ದರು. ಮುತ್ತೈದೆಯರು, ಮುದುಕಿಯರು, ಗಾದಿಯವರ ಮನೆಯ ಸೊಸೆಯಂದಿರು. ಇಂಥ ಜನಕ್ಕೆ ಅಂಜಿಯೇ ನಾನು ಐದು ವರ್ಷ ಕಳೆದಿದ್ದೆ. ಹುಡುಗ ಬೋಳುತಲೆಗೆ ಗಂಧ ಹಚ್ಚಿಸಿಕೊಂಡು ಗಾದಿಯವರ ತೊಡೆಯ ಮೇಲೆ ಕುಳಿತು ಹೋಳಿಗೆ ತಿನ್ನುತ್ತಿದ್ದ.

"ಮಾವ ಗಾದಿ ಹೊಲಿಯಾಂವ ಸಿಕ್ಕಾನ," ಎಂದಳು ಒಬ್ಬ ಮುದುಕಿ. "ಇನ್ನ ಹುಡುಗನ ನಿದ್ದೀಗೆ ಕೊರತಿಲ್ಲ." ಹೆಂಗಸರು ನಕ್ಕರು. ನನ್ನನ್ನು ನೋಡಿ ಸುಮ್ಮನಾದರು.

ಗಾದಿಯವರು ಮೆಲ್ಲಗೆ ಹೇಳಿದರು: "ಸಿಟ್ಟಾಗಬ್ಯಾಡ್ರಿ. ನಿಮ್ಮ ಸಲವಾಗಿ ಒಂದು ಎಳಿ ಉಳಸವ್ವಾ ಅಂದ್ನಿ. ಆಕಿ ಒಲ್ಲೆ ಅಂದ್ಲು."

ಕೂದಲನ್ನು ಮುಂಜಾನೆಯೇ ಮಲಪ್ರಭೆಗೆ ಬಿಟ್ಟು ಬಂದಿದ್ದರು.

ತಂಗಿ ಒಳಗಿನಿಂದ ಬಂದಳು. "ಬರ್ರಿ. ಕೈಕಾಲು ತೊಳಕೊಳ್ರಿ, ಊಟ ಮಾಡ್ರಿ," ಎಂದಳು. ಹುಟ್ಟಿದಾಗಿನಿಂದ ನನ್ನನ್ನು ನೀನು ಎಂದವಳು.

ಏನು ಮಾಡಬೇಕೆಂದು ತೋಚದೆ ಚೀಲದಿಂದ ಅಂಗಿ ತೆಗೆದೆ. ಹುಡುಗ ಎದ್ದು ಬಂದು ಎರಡೂ ಕೈ ಮೇಲೆತ್ತಿ ನಿಂತ. ಅದು ಮೂರು ವರ್ಷದ ಕೂಸಿನ ಅಂಗಿ. ತಲೆ ದಾಟಿತು, ತೋಳಿನಲ್ಲಿ ಸಿಕ್ಕಿಕೊಂಡಿತು. ಅಂಗಿಯೊಳಗಿಂದ ಅವನ ದನಿ ಬಂತು: "ಮಾಮಾ, ತೆಗಿ." ನಾನು ಕೈ ಚಾಚಿದೆ. ಅವನು ಗಾದಿಯವರ ಕಡೆ ತಿರುಗಿದ್ದ. ಅವರೇ ಬಿಡಿಸಿದರು.

ಇತ್ತೀಚೆಗೆ ನಮ್ಮ ಓಣಿಯಲ್ಲೂ ಒಬ್ಬ ಹುಡುಗಿಗೆ ಮದುವೆಯಿಲ್ಲದೆ ಮಗುವಾಯಿತು. ಹೆಂಗಸರು ತೊಟ್ಟಿಲು ಕಟ್ಟಿ ಹೆಸರಿಟ್ಟರು. ಕಾಲ ಬದಲಾಗೇತಿ ಎಂದು ಕಟ್ಟೆಯ ಮೇಲೆ ಕುಳಿತವರು ಹೇಳುತ್ತಾರೆ. ನಾನು ಹೂಂಗುಟ್ಟುವುದಿಲ್ಲ. ಆ ಸೋಮವಾರ ಊಟಕ್ಕೆ ಕುಳಿತಿದ್ದವರು ನನ್ನ ಕಣ್ಣಮುಂದೆ ಬರುತ್ತಾರೆ.

ಆಮೇಲೆ ತಂಗಿ ಹಬ್ಬಕ್ಕೆ ಬರುತ್ತಿದ್ದಳು, ಮಾತಾಡುತ್ತಿದ್ದಳು. ಬಹಳ ವರ್ಷಗಳ ನಂತರ ಜಡ್ಡು ಬಿದ್ದು ದವಾಖಾನೆ ಸೇರಿದಾಗ, ಅವಳ ಕೈ ಹಿಡಿದು ತಪ್ಪಾಯಿತೆಂದೆ. ಅವಳು ಕಣ್ಣು ತೆರೆಯದೆ ಹೇಳಿದಳು: "ನನ್ನ ಕೇಳಬ್ಯಾಡಣ್ಣ. ಕತ್ರಿ ತಂದೀಯೇನು ಅಂದಾಂವ ನಾನಲ್ಲ." ಅದಾಗಿ ಒಂಬತ್ತು ದಿನಕ್ಕೆ ಹೋದಳು.

ಅವಳ ಮಗ ಈಗ ರೋಣದಲ್ಲಿ ಪಂಪು ರಿಪೇರಿ ಮಾಡುತ್ತಾನೆ. ತಿಂಗಳಿಗೊಮ್ಮೆ ಬಂದು ನನ್ನ ಔಷಧಿ ಕೊಟ್ಟು ಹೋಗುತ್ತಾನೆ. ಪ್ರತಿ ಸಲ, ಇವತ್ತು ಬೇಡ, ಮುಂದಿನ ಸಲ ಹೇಳೋಣ ಎಂದುಕೊಳ್ಳುತ್ತೇನೆ. ಯಾರಾದರೂ ಕೇಳಿದರೆ ತಂಗಿಯ ಮಗ ಎನ್ನುತ್ತೇನೆ. ಆ ಸಂಬಂಧಕ್ಕೆ ಮಾವನ ಬಾಯಲ್ಲಿ ಬರಬೇಕಾದ ಮಾತು ಬೇರೆಯಿದೆ. ಅದನ್ನು ಇಷ್ಟು ವರ್ಷ ಒಮ್ಮೆಯೂ ಆಡಿಲ್ಲ, ಇಲ್ಲಿ ಬರೆಯುತ್ತೇನೆ. ನಾನು ತಪ್ಪಾಯಿತೆಂದು ಇನ್ನೂ ಹೇಳದಿರುವುದು ಅವನಿಗೆ, ನನ್ನ ಸೋದರಳಿಯನಿಗೆ.