ಒಂದು ಬೆರಳು ಹೆಚ್ಚಾದ ಫೋರ್ಕ್

ಆಲಂಕಾರಿನಲ್ಲಿ ಅಕ್ಕನ ಮನೆಯಲ್ಲಿದ್ದುಕೊಂಡು ನಾನು ಹೆರಿಗೆ ನರ್ಸ್ ಕೆಲಸ ಮಾಡುತ್ತಿದ್ದೆ. ಓಡಾಟಕ್ಕೆ ಒಂದು ಲೇಡೀಸ್ ಸೈಕಲ್ ಇತ್ತು. ಒಮ್ಮೆ ಮೋರಿಗೆ ಬಡಿದು ಅದರ ಮುಂದಿನ ಚಕ್ರ ಹಿಡಿಯುವ ಫೋರ್ಕ್ ಬಾಗಿತು. ಭಾವ ಪುತ್ತೂರಿನಿಂದ ಹೊಸದು ತಂದರು. ಆದರೆ ಅದು ದೊಡ್ಡ ಸೈಕಲ್ಲಿನದು. ಹ್ಯಾಂಡಲ್ ಕೂರುವ ಕೊಳವೆ ಉದ್ದವಾಗಿ, ಮೇಲಿನ ನಟ್ಟು ಎಷ್ಟು ತಿರುಗಿಸಿದರೂ ಕೊಳವೆಯ ತುದಿಗೆ ತಾಗಿ ನಿಂತು, ಅದರ ಕೆಳಗೆ ಒಂದು ಬೆರಳು ಸಂದಿ ಉಳಿಯುತ್ತಿತ್ತು.

"ನಾಳೆ ವಾಪಸು ಕೊಟ್ಟು ಬರುದು" ಎಂದರು ಭಾವ.

"ಬೇಡ ಭಾವ, ಕೊಯ್ಯುವ. ಗರಗಸ ಉಂಟಲ್ಲ?"

"ಹೆಚ್ಚು ಕೊಯ್ದರೆ ಮತ್ತೆ ಅಂಟಿಸ್ಲಿಕ್ಕೆ ಆಗುದಿಲ್ಲ ಮಾರಾಯ್ತಿ!"

ಆ ಸಂದಿಯ ಅಳತೆಗೆ ತೆಂಗಿನ ಕಡ್ಡಿ ಮುರಿದೆ. ಅದನ್ನು ಕೊಳವೆಯ ತುದಿಗೆ ಹಿಡಿದು ಮೊಳೆಯಿಂದ ಗೀರಿದೆ. ಭಾವ ಮತ್ತೊಮ್ಮೆ ಅಳೆದು ನೋಡಿ, ಫೋರ್ಕನ್ನು ಗಟ್ಟಿಯಾಗಿ ಹಿಡಿದರು. ನಾನು ಕೊಯ್ದೆ. ಕೈ ಸೋತಾಗ ಅವರು ಕೊಯ್ದರು, ನಾನು ಹಿಡಿದೆ. ತುಂಡು ಬಿದ್ದ ಮೇಲೆ ಅಂಚನ್ನು ಅರದಿಂದ ಉಜ್ಜಿ ಜೋಡಿಸಿದೆವು. ನಟ್ಟು ಸರಿಯಾಗಿ ಕೂತಿತು, ಹ್ಯಾಂಡಲ್ ಹಗುರಾಗಿ ತಿರುಗಿತು.

ಸಂಜೆ ಬಾಣಂತಿಯೊಬ್ಬಳನ್ನು ನೋಡಲು ಅದರಲ್ಲೇ ಹೊರಟೆ. ಭಾವ ಸ್ವಲ್ಪ ದೂರ ಹಿಂದೆಯೇ ಓಡಿ ಬಂದರು.

"ಗಟ್ಟಿ ಉಂಟಾ?" ಎಂದು ಕೂಗಿದರು.

"ಗಟ್ಟಿ ಉಂಟು, ನೀವು ಮನೆಗೆ ಹೋಗಿ!" ಎನ್ನುತ್ತಾ ಒಂದು ಕೈ ಬಿಟ್ಟು ಅವರಿಗೆ ಬೀಸಿದೆ.