ದೊಡ್ಡತ್ತೆಯ ಕಂಬಳಿ ನನ್ನ ಹೆಗಲಿಗೆ ಬಂದ ವರ್ಷ

ನಮ್ಮ ದೇವರ ಪದ ನನಗೆ ಬರುತ್ತದೆ ಎಂದು ಮದುವೆಯಾದಾಗಿನಿಂದ ನಂಬಿಕೊಂಡಿದ್ದೆ. ನಂಬದೆ ಏನು ಮಾಡಲಿ? ವರ್ಷಾ ವರ್ಷಾ ಹಾಡಿದ್ದೇನೆ, ಅದೂ ಎಲ್ಲರಿಗಿಂತ ಜೋರಾಗಿ. ಗಂಟಲೊಂದನ್ನು ದೇವರು ನನಗೆ ಧಾರಾಳವಾಗಿ ಕೊಟ್ಟಿದ್ದಾನೆ. ಚಳ್ಳಕೆರೆಯ ನನ್ನ ಹೊಲಿಗೆ ಅಂಗಡಿಯಲ್ಲಿ ನಿಂತು ಕರೆದರೆ ರಸ್ತೆಯಾಚೆಯ ಎಣ್ಣೆ ಮಿಲ್ಲಿನಲ್ಲಿ ಶೇಂಗಾ ಮೂಟೆ ಇಳಿಸುತ್ತಿರುವ ನನ್ನ ಗಂಡನಿಗೆ ಕೇಳುತ್ತದೆ. ಕೇಳದವನಂತೆ ತನ್ನ ಲಗೇಜ್ ಆಟೋ ತಿರುಗಿಸಿಕೊಂಡು ಹೋಗುತ್ತಾನೆ, ಅದು ಬೇರೆ ಮಾತು.

ನನ್ನ ಗಂಡನ ಹಟ್ಟಿ ಇರುವುದು ನನ್ನಿವಾಳದ ಕಡೆ. ದನ ಕುರಿ ಕಾಯುತ್ತಿದ್ದ ಮಂದಿ ನಾವು, ಈಗ ಕುರಿ ಒಬ್ಬರಿಗಿದ್ದರೆ ಕೂಲಿ ಮೂವರಿಗೆ. ದೇವರು ಮಾತ್ರ ಹಳೆಯ ಪೆಟ್ಟಿಗೆಯಲ್ಲೇ ಇದ್ದಾನೆ, ಹುಲ್ಲು ಹೊದಿಸಿದ ಗುಡಿಯಲ್ಲಿ. ವರ್ಷಕ್ಕೊಮ್ಮೆ ಅವನನ್ನು ಪೆಟ್ಟಿಗೆಯಿಂದ ತೆಗೆದು ಹಳ್ಳಕ್ಕೆ ಕರೆದುಕೊಂಡು ಹೋಗುತ್ತೇವೆ. ಹಳ್ಳದಲ್ಲಿ ನೀರು ಹರಿಯುವುದು ಅಪರೂಪ, ಆದ್ದರಿಂದ ಮರಳು ತೋಡಿ ಒರತೆ ಮಾಡಿರುತ್ತಾರೆ. ಗುಡಿಯ ಹೊಸಿಲಿನಿಂದ ಒರತೆಯ ನೀರು ಮುಟ್ಟುವವರೆಗೂ ಪದ ನಿಲ್ಲುವ ಹಾಗಿಲ್ಲ. ದೇವರು ದನಗಳ ಹಿಂದೆ ನೀರು ಹುಡುಕಿಕೊಂಡು ಬಂದ ಕಥೆ ಅದು. ಮುಂದೆ ಒಬ್ಬಳು ಸಾಲು ಹೇಳುತ್ತಾಳೆ, ಹಿಂದಿನ ಹೆಂಗಸರು ಆ ಸಾಲಿನ ಕೊನೆಯ ಅರ್ಧವನ್ನು ಹಿಡಿದು ಎಳೆಯುತ್ತಾರೆ. ಅದಕ್ಕೆ ಸೊಲ್ಲು ಎಳೆಯುವುದು ಅನ್ನುತ್ತೇವೆ. ಸೊಲ್ಲು ಎಳೆಯುವಷ್ಟು ಹೊತ್ತು ಮುಂದಿನವಳು ಉಸಿರು ತೆಗೆದುಕೊಂಡು ಮುಂದಿನ ಸಾಲು ನೆನೆಸಿಕೊಳ್ಳಬೇಕು.

ಮುಂದೆ ಹೇಳುವವರು ನಮ್ಮ ದೊಡ್ಡತ್ತೆ. ನನ್ನ ಅತ್ತೆಯ ಅಕ್ಕ, ಅಕ್ಕ ತಂಗಿ ಇಬ್ಬರೂ ಅದೇ ಹಟ್ಟಿಗೆ ಸೊಸೆಯಾಗಿ ಬಂದವರು. ಹೆಗಲ ಮೇಲೆ ಕರಿ ಕಂಬಳಿ ಹಾಕಿಕೊಂಡು ಅವರು ಮುಂದೆ ನಡೆದರೆ ಹಿಂದೆ ನಮ್ಮ ಸಾಲು. ಪೂಜಾರಿ ನಿಧಾನ ಮಾಡಿದರೆ ಅವರು ಇನ್ನೆರಡು ಹಸುಗಳ ಹೆಸರು ಸೇರಿಸಿ ಪದವನ್ನು ಉದ್ದ ಮಾಡುವರು, ಪೂಜಾರಿ ಬಿರಬಿರನೆ ನಡೆದರೆ ಅದಕ್ಕೆ ತಕ್ಕಂತೆ ಮೊಟಕು ಮಾಡುವರು. ಯಾವತ್ತೂ ಕೊನೆಯ ಸಾಲು ಮುಗಿಯುವುದಕ್ಕೂ ದೇವರು ನೀರು ಮುಟ್ಟುವುದಕ್ಕೂ ಸರಿಹೋಗುತ್ತಿತ್ತು. ನಾನು ಅದನ್ನು ನೋಡಿ ನೋಡಿ ಅದೇನೂ ದೊಡ್ಡ ಕೆಲಸವಲ್ಲ ಅಂದುಕೊಂಡಿದ್ದೆ.

ಬಾಯಿ ಮಾತ್ರ ಅವರದ್ದು ಕತ್ತರಿ. ನಾನು ಮೊಳಕಾಲ್ಮೂರಿನಿಂದಾಚೆ ಆಂಧ್ರದ ಗಡಿಯಲ್ಲಿ ಹುಟ್ಟಿದವಳು, ನಮ್ಮ ಮನೆಯಲ್ಲಿ ಅರ್ಧ ತೆಲುಗು ಅರ್ಧ ಕನ್ನಡ. ಮದುವೆಯಾದ ಹೊಸದರಲ್ಲಿ ನಾನು ಬಾಯಿ ಬಿಟ್ಟರೆ ಸಾಕು, ಈ ಹುಡುಗಿ ಯಾವ ಭಾಷೆ ಮುಗಿಸಿ ಯಾವ ಭಾಷೆ ಶುರು ಮಾಡಿದಳು ಎಂದು ಎಲ್ಲರೆದುರು ಕೇಳುವರು. ಒಮ್ಮೆ ಅತ್ತು ಹಿತ್ತಲಲ್ಲಿ ಕೂತಿದ್ದೆ. ಅವರೇ ಬಂದು ರಟ್ಟೆ ಹಿಡಿದು ಎಬ್ಬಿಸಿ, ಅವತ್ತು ದೇವರು ಹೊರಡುವ ದಿನವಾದ್ದರಿಂದ ಸೊಲ್ಲು ಎಳೆಯುವವರ ಸಾಲಿನಲ್ಲಿ ನಿಲ್ಲಿಸಿದರು. ಹಾಡುವಾಗ ನನ್ನನ್ನು ನೋಡಿ ಯಾರೂ ನಗಲಿಲ್ಲ. ಆ ಹಟ್ಟಿ ನನ್ನದೂ ಹೌದು ಅನ್ನಿಸಿದ್ದು ಅವತ್ತೇ. ಅದಕ್ಕೇ ಅವರು ಎಷ್ಟು ಬೈದರೂ ನನಗೆ ಅವರ ಮೇಲೆ ಸಿಟ್ಟು ನಿಲ್ಲುವುದಿಲ್ಲ.

ಹೋದ ವರ್ಷದ ಹಿಂದಿನ ವರ್ಷ ದೇವರು ಹೊರಟಾಗ ದೊಡ್ಡತ್ತೆಗೆ ಉಸಿರು ಸಾಲಲಿಲ್ಲ. ಹಳ್ಳದ ಇಳಿಜಾರು ಇನ್ನೂ ದೂರವಿರುವಾಗಲೇ ಎದೆ ಹಿಡಿದುಕೊಂಡು ನಿಂತರು. ಪದ ನಿಂತಿತು, ದೇವರನ್ನು ಹೊತ್ತ ಪೂಜಾರಿಯೂ ಬಿಸಿಲಲ್ಲಿ ನಿಲ್ಲಬೇಕಾಯಿತು. ಒಂದು ಸಲವಲ್ಲ, ಮತ್ತೆ ಮತ್ತೆ. ಚಳ್ಳಕೆರೆಯ ಡಾಕ್ಟರು ಶ್ವಾಸಕೋಶ ಸೋತಿದೆ, ನಡೆದುಕೊಂಡು ಹಾಡುವುದೆಲ್ಲ ಬಿಡಿ ಅಂದರು. ಹಟ್ಟಿಯ ಯಜಮಾನರು ಕೂತು ಮಾತಾಡಿದರು. ಅವರದ್ದೂ ತಪ್ಪಲ್ಲ, ದೇವರನ್ನು ದಾರಿಯಲ್ಲಿ ನಿಲ್ಲಿಸುವುದು ಯಾರಿಗೆ ತಾನೇ ಇಷ್ಟ? ಬರುವ ಸಲ ದೇವರು ಪೆಟ್ಟಿಗೆಯಿಂದ ಹೊರಗೆ ಬಂದ ಮೇಲೆ ದೊಡ್ಡತ್ತೆಯನ್ನು ಒಂದು ಕಡೆ ಕೂರಿಸಿ, ಸುಧಾರಿಸಿಕೊಳ್ಳಲು ಬಿಟ್ಟು ಹಾಡಿಸಿ ರೆಕಾರ್ಡ್ ಮಾಡುವುದು, ದಾರಿಯುದ್ದಕ್ಕೂ ಅದನ್ನೇ ಮೈಕಿನಲ್ಲಿ ಹಾಕುವುದು ಎಂದು ತೀರ್ಮಾನವಾಯಿತು.

ದೊಡ್ಡತ್ತೆ ಕೇಳಿದ್ದು ಒಂದೇ ಮಾತು.

“ದೇವ್ರು ದಾರ್‍ಯಾಗೆ ನಿಂತ್ರೆ ಆ ಡಬ್ಬಿ ನಿಲ್ಲುತ್ತೇನ್ರಿ?”

ಆದರೆ ಅವರನ್ನು ಬಿಟ್ಟು ಮುಂದೆ ಹೇಳುವವರು ಬೇರೆ ಯಾರೂ ಇರಲಿಲ್ಲ. ಬರುವ ಸಲ ಯಾರಾದರೂ ಮುಂದೆ ನಿಂತರೆ ಸರಿ, ಇಲ್ಲದಿದ್ದರೆ ಮೈಕೇ ಗತಿ ಎಂದು ಯಜಮಾನರು ಎದ್ದರು.

ಅದಾದ ಮೇಲೆ ಒಂದು ದಿನ ದೊಡ್ಡತ್ತೆ ಬಸ್ಸು ಹತ್ತಿ ನನ್ನ ಅಂಗಡಿಗೆ ಬಂದರು. ಗಿರಾಕಿಗಳು ಕೂರುವ ಸ್ಟೂಲಿನ ಮೇಲೆ ಕೂತು ಏದುಸಿರು ಇಳಿಸಿಕೊಂಡರು. ಟೀ ತರಿಸಿಕೊಟ್ಟೆ. ಕುಡಿದು ಲೋಟ ಕೆಳಗಿಟ್ಟು, ಕಂಬಳಿ ನಿನ್ನ ಹೆಗಲಿಗೆ ಹಾಕುತ್ತೇನೆ ಅಂದರು. ನಾನು ರವಿಕೆಗೆ ಕೊಕ್ಕೆ ಹಚ್ಚುತ್ತಾ, ಅಷ್ಟೇ ತಾನೇ, ಪದ ನನಗೆ ಬರುತ್ತದೆ ಅಂದೆ. ಹಾಗಿದ್ದರೆ ಬಾಯಿ ಮಾತಲ್ಲಿ ಹೇಳು ಅಂದರು. ರಾಗ ಹಾಕುವ ಹಾಗಿರಲಿಲ್ಲ. ದೇವರು ಪೆಟ್ಟಿಗೆಯಲ್ಲಿ ಇರುವಾಗ ಮಾತನ್ನು ಮಾತಿನಂತೆ ಹೇಳಬಹುದು, ರಾಗವನ್ನು ಬರೀ ರಾಗವಾಗಿ ಗುನುಗಬಹುದು, ಎರಡನ್ನೂ ಸೇರಿಸುವುದು ಮಾತ್ರ ದೇವರು ಹೊರಗೆ ಬಂದ ದಿನ. ಇದು ನಮ್ಮ ಕಟ್ಟು.

ಹೇಳತೊಡಗಿದೆ. ಮೊದಲ ಸಾಲು ಬಂತು, ಎರಡನೆಯದೂ ಬಂತು. ಆಮೇಲೆ ಬಂದದ್ದೆಲ್ಲ ಬರೀ ಬಾಲ. “ಬಂದಾವು ದನಗಳು” ಎಂದು ನಾಲಿಗೆ ತುದಿಗೆ ಬರುತ್ತದೆ, ಎಲ್ಲಿಂದ ಬಂದವು, ಏನು ದಾಟಿ ಬಂದವು, ದೇವರಾಣೆ ಗೊತ್ತಿಲ್ಲ. ಇಷ್ಟು ವರ್ಷ ಮುಂದಿನ ಅರ್ಧವನ್ನು ಕಿವಿ ತುಂಬ ಕೇಳಿದ್ದೇನೆ, ಒಂದು ದಿನವೂ ಹಿಡಿದಿಟ್ಟುಕೊಂಡಿಲ್ಲ. ಹಿಡಿಯುವ ಅಗತ್ಯವೇ ಬಿದ್ದಿರಲಿಲ್ಲ, ಅವರು ಹೇಳುತ್ತಿದ್ದರಲ್ಲ. ಗಿರಾಕಿ ಹೆಂಗಸೊಬ್ಬಳು ಬಾಗಿಲಲ್ಲಿ ನಿಂತು ನನ್ನ ಮುಖವನ್ನೇ ನೋಡುತ್ತಿದ್ದಳು.

“ಇಷ್ಟು ವರ್ಷ ನನ್ ಬೆನ್ನಿಗೆ ಒರಗ್ಕಂಡು ಹಾಡಿದೀಯ ಕಣೇ,” ಅಂದರು ದೊಡ್ಡತ್ತೆ. ಬೈಗುಳವಾಗಿದ್ದರೆ ತಡೆದುಕೊಳ್ಳುತ್ತಿದ್ದೆ. ಆದರೆ ಅವರ ದನಿಯಲ್ಲಿ ಭಯವಿತ್ತು, ಅವರು ಹೆದರಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಅವತ್ತಿನಿಂದ ಭಾನುವಾರಗಳೆಲ್ಲ ನನ್ನಿವಾಳದ ದಾರಿಯಲ್ಲೇ ಕಳೆದವು. ಬೆಳಿಗ್ಗೆ ಅವರ ಮನೆಯ ಪಡಸಾಲೆಯಲ್ಲಿ ಬಿತ್ತನೆಗೆ ಶೇಂಗಾ ಸುಲಿಯುತ್ತಾ ಮಾತು ಕಲಿಸುವರು. ಅವರು ಹೇಳುವುದು ಮಾರುಕಟ್ಟೆಯ ಸುದ್ದಿ ಹೇಳುವ ದನಿಯಲ್ಲಿ: ಕೆಂದ ಹಸು ಮೊದಲು ಇಳಿಯಿತು, ಮಚ್ಚೆಯ ಹಸು ಆಮೇಲೆ ಇಳಿಯಿತು. ಸಂಜೆ ಅವರ ಐದಾರು ಮೇಕೆಗಳ ಹಿಂದೆ ನಡೆಯುತ್ತಾ ರಾಗ. ಅದರಲ್ಲಿ ಮಾತಿಲ್ಲ, ಬರೀ ಓ ಎಂದು ಎಳೆಯುವುದು. ನೋಡಿದವರು ಅತ್ತೆ ಸೊಸೆ ಇಬ್ಬರಿಗೂ ಒಟ್ಟಿಗೇ ತಲೆ ಕೆಟ್ಟಿದೆ ಅಂದುಕೊಂಡಿರಬೇಕು. ಒಂದು ಶಬ್ದ ಆಚೀಚೆ ಆದರೆ ಸುಲಿದ ಬೀಜವನ್ನು ನನ್ನ ಮೇಲೆ ಎಸೆಯುವರು. “ಬಂದಾವು” ಎನ್ನುವಲ್ಲಿ “ಬಂದ್ವು” ಅಂದಿದ್ದಕ್ಕೆ ಮಧ್ಯಾಹ್ನದ ಮುದ್ದೆಯನ್ನೇ ತಡಮಾಡಿದರು. ನಿನ್ನ ಪದವಲ್ಲ ಇದು, ನಿನಗೆ ಬೇಕಾದ ಹಾಗೆ ಕತ್ತರಿಸುವುದಕ್ಕೆ ರವಿಕೆ ಬಟ್ಟೆಯೂ ಅಲ್ಲ ಎಂದು ಬೈದು, ಆಮೇಲೆ ಮುದ್ದೆಗೆ ತುಪ್ಪವನ್ನು ಎಲ್ಲರಿಗಿಂತ ನನಗೇ ಹೆಚ್ಚು ಹಾಕುವರು.

ನನಗೂ ರೇಗುತ್ತಿತ್ತು. ಮದುವೆ ಕಾಲ, ಅಂಗಡಿಯಲ್ಲಿ ಹೊಲಿಯದ ಬಟ್ಟೆ ರಾಶಿ ಬಿದ್ದಿರುವಾಗ ಇಲ್ಲಿ ಕೂತು ಹಸುಗಳ ಬಣ್ಣ ಬಾಯಿಪಾಠ ಮಾಡುವುದು ಯಾರಿಗೆ ಬೇಕು ಎಂದು ಗಂಡನ ಮೇಲೆ ಕೂಗಾಡಿದ್ದೆ. ಅವನು, ಬಿಟ್ಟುಬಿಡು ಹಾಗಾದರೆ, ಮೈಕ್ ಹಾಕಲಿ ಅಂದ. ಬಿಡಲು ಆಗಲಿಲ್ಲ. ವಾರ ವಾರಕ್ಕೂ ಅವರ ಉಸಿರು ಇನ್ನಷ್ಟು ಗಿಡ್ಡವಾಗುತ್ತಿತ್ತು. ಮೊದಲು ಎರಡು ಸಾಲು ಒಟ್ಟಿಗೆ ಹೇಳುತ್ತಿದ್ದವರು ಒಂದೊಂದೇ ಹೇಳುತ್ತಿದ್ದರು, ಆಮೇಲೆ ಅರ್ಧರ್ಧ. ಮಾತಿಗೂ ಮಾತಿಗೂ ನಡುವೆ ಅವರ ಎದೆ ಸೀಟಿ ಹೊಡೆಯುತ್ತಿತ್ತು. ಅವರು ಮುಗಿಯುವುದರೊಳಗೆ ನಾನು ಮುಗಿಸಬೇಕು ಎಂಬ ಯೋಚನೆ ಬಂದು, ಆ ಯೋಚನೆಗೇ ನನಗೆ ಅಳು ಬರುತ್ತಿತ್ತು.

ದೇವರು ಹೊರಡುವ ದಿನ ಗುಡಿಯ ಮುಂದೆ ದೊಡ್ಡತ್ತೆ ತಮ್ಮ ಹೆಗಲಿನ ಕಂಬಳಿ ತೆಗೆದು ನನ್ನ ಹೆಗಲಿಗೆ ಹಾಕಿದರು. ಒಮ್ಮೆ ಕಂಬಳಿ ಇಳಿಸಿದ ಮೇಲೆ ಮುಂದಿನ ಸಾಲನ್ನು ಅವರು ಮತ್ತೆ ಹೇಳುವಂತಿಲ್ಲ, ನನಗೆ ಮರೆತರೂ ಎತ್ತಿಕೊಡುವಂತಿಲ್ಲ. ಅದೂ ಕಟ್ಟೇ. ಅವರನ್ನು ಮನೆಯಲ್ಲೇ ಕೂರಿಸಬೇಕೆಂದು ಎಲ್ಲರೂ ಹೇಳಿದ್ದರು. ಕೇಳುವವರೇ ಅವರು? ಹಿಂದಿನ ಹೆಂಗಸರ ಸಾಲಿಗೆ ಹೋಗಿ, ನಾನು ಇಷ್ಟು ವರ್ಷ ನಿಲ್ಲುತ್ತಿದ್ದ ಜಾಗದಲ್ಲಿ ನಿಂತರು.

ನಾನು ಮೊದಲ ಸಾಲು ಎತ್ತಿದೆ. ಬೇರೆ ಬೇರೆಯಾಗಿ ಕಲಿತ ಮಾತು ರಾಗ ಎರಡೂ ಬಾಯಲ್ಲಿ ಕೂಡಿಕೊಂಡಾಗ ಮೈ ಜುಮ್ಮೆಂದಿತು. ಹಿಂದಿನಿಂದ ಸೊಲ್ಲು ಬಂತು. ಬೆನ್ನ ಮೇಲೆ ಅಷ್ಟೊಂದು ದನಿ ಬಂದು ಬೀಳುವುದು ಹೇಗಿರುತ್ತದೆಂದು ಹಿಂದೆ ನಿಂತವರಿಗೆ ತಿಳಿಯುವುದಿಲ್ಲ. ಹೊಲಗಳ ಬದು ದಾಟಿದೆವು, ಜಾಲಿಗಿಡಗಳ ಪಕ್ಕ ಹಾಯ್ದೆವು. ಕೆಂದ ಹಸು ಬಂತು, ಮಚ್ಚೆಯ ಹಸು ಬಂತು. ಪೂಜಾರಿಯ ಹೆಜ್ಜೆ ನೋಡಿಕೊಂಡು ಒಂದು ಹಸುವನ್ನು ಹೆಚ್ಚಿಗೆ ಕರೆದೆ, ಅದೂ ಸರಿಯಾಯಿತು. ನನಗೆ ನನ್ನ ಮೇಲೆ ಒಂದಿಷ್ಟು ಜಂಬವೂ ಬಂತು ಅನ್ನಿ.

ಹಳ್ಳದ ಇಳಿಜಾರಿಗೆ ಬಂದಾಗ “ದಡದಲ್ಲಿ ನಿಂತಾವು” ಎಂಬ ಸೊಲ್ಲು ಹಿಂದೆ ನಡೆಯುತ್ತಿತ್ತು. ಅದು ಮುಗಿಯಿತು. ನನ್ನ ತಲೆಯಲ್ಲಿ ಮುಂದಿನ ಸಾಲು ಇರಲಿಲ್ಲ. ಪಡಸಾಲೆ ನೆನಪಾಯಿತು, ಶೇಂಗಾ ಸಿಪ್ಪೆ ನೆನಪಾಯಿತು, ಅವರು ಆ ಸಾಲು ಹೇಳುವಾಗ ಮೇಕೆ ಬಂದು ಬೀಜಕ್ಕೆ ಬಾಯಿ ಹಾಕಿದ್ದೂ ನೆನಪಾಯಿತು. ಸಾಲು ಮಾತ್ರ ಇಲ್ಲ. ಪೂಜಾರಿ ತಿರುಗಿ ನೋಡಿದ.

ಆಗ ಹಿಂದಿನಿಂದ ಒಂದೇ ಒಂದು ದನಿ ಅದೇ ಸೊಲ್ಲನ್ನು ಮತ್ತೆ ಎಳೆಯಿತು. ದಡದಲ್ಲಿ ನಿಂತಾವು. ದೊಡ್ಡತ್ತೆಯ ದನಿ. ಎತ್ತಿಕೊಡುವುದು ತಪ್ಪು, ಆದರೆ ಸೊಲ್ಲನ್ನು ಎರಡನೇ ಸಲ ಎಳೆಯಬಾರದು ಎಂದು ಎಲ್ಲೂ ಇಲ್ಲ. ಉಳಿದ ಹೆಂಗಸರೂ ಸೇರಿಕೊಂಡರು. ಮುಗಿಯಿತು, ನಾನು ಇನ್ನೂ ಬಾಯಿ ತೆರೆಯಲಿಲ್ಲ. ಅವರು ಮತ್ತೆ ಎಳೆದರು. ನಾನು ತಿರುಗಿ ನೋಡಲಿಲ್ಲ, ಆದರೆ ಅವರ ಎದೆಯ ಸೀಟಿ ಕೇಳುತ್ತಿತ್ತು. ಒಂದು ಮಾತಿಗೂ ಗಾಳಿ ಸಾಲದ ಎದೆ ನನಗೆ ಜಾಗ ಹಿಡಿದಿಡಲಿಕ್ಕಾಗಿ ಸೊಲ್ಲಿನ ಮೇಲೆ ಸೊಲ್ಲು ಎಳೆಯುತ್ತಿತ್ತು. ಇನ್ನೊಂದು ಸಲ ಎಳೆದರೆ ಅವರು ಅಲ್ಲೇ ಬಿದ್ದುಬಿಡುತ್ತಾರೆ ಅನ್ನಿಸಿತು. ನನಗೆ ಆಗ ದೇವರೂ ಬೇಕಿರಲಿಲ್ಲ, ದನಗಳೂ ಬೇಕಿರಲಿಲ್ಲ, ಆ ಮುದುಕಿ ಉಸಿರಾಡಿದರೆ ಸಾಕಾಗಿತ್ತು. ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ.

“ದಣಿದಾ ಕರುವೀಗೆ ಬೊಗಸೆಯಲಿ ನೀಳ್ಳು.”

ನೀರು ಎಂದು ಕೂಡ ಬರಲಿಲ್ಲ, ನಮ್ಮವ್ವ ಅನ್ನುತ್ತಿದ್ದ ತೆಲುಗಿನ ನೀಳ್ಳೇ ಬಂತು. ಹಿಂದಿನ ಹೆಂಗಸರು ಗಪ್‌ಚಿಪ್ಪಾದರು. ಯಾರೂ ಕೇಳದ ಸಾಲು, ಯಾರು ಎಳೆಯುತ್ತಾರೆ? ನನ್ನ ಕಥೆ ಮುಗಿಯಿತು ಅಂದುಕೊಂಡೆ.

ಬೊಗಸೆಯಲಿ ನೀಳ್ಳು, ಎಂದು ದೊಡ್ಡತ್ತೆ ಎಳೆದರು. ತಡವರಿಸಲಿಲ್ಲ, ತಿದ್ದಲೂ ಇಲ್ಲ. ತಲೆತಲಾಂತರದಿಂದ ಅಲ್ಲೇ ಇದ್ದ ಮಾತಿನ ಹಾಗೆ ಎಳೆದರು. ಅವರು ಎಳೆದ ಮೇಲೆ ಉಳಿದವರದ್ದೇನು, ಎಲ್ಲರೂ ಎಳೆದರು. ಅಷ್ಟರಲ್ಲಿ ನನಗೆ ಮುಂದಿನ ಸಾಲು ನೆನಪಾಯಿತು, ಅದರ ಹಿಂದೆ ಉಳಿದವೂ ಬಂದವು. ಕೊನೆಯ ಸಾಲಿಗೆ ದೇವರು ನೀರು ಮುಟ್ಟಿದ.

ಪೂಜೆ ಮುಗಿದು ಎಲ್ಲರೂ ದೇವರ ಪಳಾರ ತಿನ್ನುತ್ತಾ ಕೂತಿದ್ದರು. ಯಜಮಾನರಲ್ಲಿ ಒಬ್ಬರು ಆ ಕರುವಿನ ಸಾಲು ತಾವು ಕೇಳಿರಲಿಲ್ಲವಲ್ಲ ಅಂದರು. ದೊಡ್ಡತ್ತೆ ಅವರ ಕಡೆ ನೋಡಿದ ರೀತಿಗೆ ಅವರು ಇನ್ನೊಂದು ಹಿಡಿ ಪಳಾರಕ್ಕೆ ಕೈ ಒಡ್ಡಿದರು. ಮೈಕಿನ ಸುದ್ದಿಯನ್ನು ಯಾರೂ ಎತ್ತಲಿಲ್ಲ. ಹೊಂಗೆ ಮರದ ಬುಡದಲ್ಲಿ ಎದೆ ನೀವಿಕೊಳ್ಳುತ್ತಾ ಕೂತಿದ್ದ ದೊಡ್ಡತ್ತೆಯ ಹತ್ತಿರ ಹೋಗಿ ಕೂತೆ. ಬೈಯಲಿ ಎಂದು ಕಾದೆ. ಬೈಯಲಿಲ್ಲ. ಕೊನೆಗೆ ನಾನೇ, ಬರುವ ವರ್ಷದ ಹೊತ್ತಿಗೆ ಆ ಸಾಲನ್ನು ಸರಿಯಾಗಿ ಕಲಿತುಕೊಳ್ಳುತ್ತೇನೆ, ಇದನ್ನು ಬಿಟ್ಟುಬಿಡುತ್ತೇನೆ ಕಣ್ರಿ ಅತ್ತೆ ಅಂದೆ.

“ಅದ್ನ ಕಲಿ. ಇದ್ನ ಬಿಡಬ್ಯಾಡ. ಅದ್ನ ಹೇಳಿ ಆಮ್ಯಾಲೆ ಇದ್ನ ಹೇಳು. ದೇವ್ರ ಮುಂದೆ ಸೊಲ್ಲು ಎಳ್ದಾಯ್ತು, ಇನ್ನು ಅದು ನಿಂದಲ್ಲ.”

ಅವರು ಸ್ವಲ್ಪ ಹೊತ್ತು ಉಸಿರು ಕೂಡಿಸಿಕೊಂಡರು. ಆಮೇಲೆ ನನ್ನ ಕಡೆ ನೋಡದೆ, ತಮಗೆ ಕಂಬಳಿ ಬಂದ ಮೊದಲ ವರ್ಷ ತಾವೂ ಹೀಗೇ ಮರೆತು ನಿಂತಿದ್ದನ್ನು ಹೇಳಿದರು. ಬಾಯಿಗೆ ಬಂದ ಒಂದು ಸಾಲು ಅಂದಿದ್ದರಂತೆ. ಹಿಂದಿನಿಂದ ಅವರ ಅತ್ತೆ ಸೊಲ್ಲು ಎಳೆದರಂತೆ.

ಯಾವ ಸಾಲು ಅದು ಎಂದು ಕೇಳಿದೆ. ಅವರ ಕೈ ಹಿಡಿದುಕೊಂಡೇ ಕೇಳಿದೆ.

“ನೀನು ಕಲ್ತಿದ್ರಾಗೇ ಐತೆ, ಹೋಗು,” ಅಂದರು.