ಫೋನಿನ ದೀಪ ಆರಿಸಿ ಎಮ್ಮೆ ಕರೆದದ್ದು

ಹುತ್ರಿದುರ್ಗದ ಬೆಟ್ಟದ ಕೆಳಗಿನ ಊರಿನಲ್ಲಿ ಸಿದ್ದಲಕ್ಷ್ಮಮ್ಮನ ಎಮ್ಮೆಯನ್ನು ಅವಳೊಬ್ಬಳನ್ನು ಬಿಟ್ಟು ಬೇರೆ ಯಾರೂ ಕರೆಯುವ ಹಾಗಿರಲಿಲ್ಲ. ಎಮ್ಮೆಯ ಹೆಸರು ಚೆಲುವಿ. ಈದ ವಾರದೊಳಗೇ ಅದರ ಕರು ಸತ್ತುಹೋಗಿತ್ತು. ಕರು ಕಳೆದುಕೊಂಡ ಎಮ್ಮೆ ಸುಲಭಕ್ಕೆ ಹಾಲು ಇಳಿಸುವುದಿಲ್ಲ, ಮೇಲಕ್ಕೆ ಎಳೆದುಕೊಂಡುಬಿಡುತ್ತದೆ. ಆಗ ಸಿದ್ದಲಕ್ಷ್ಮಮ್ಮ ಅದರ ಹೊಟ್ಟೆಯ ಪಕ್ಕ ಕುಕ್ಕರಗಾಲಲ್ಲಿ ಕೂತು, ಕೆಚ್ಚಲಿಗೆ ಬೆಚ್ಚನೆಯ ನೀರು ಸವರಿ, ಬಾಯಿಗೆ ಬಂದದ್ದನ್ನೆಲ್ಲ ಮಾತಾಡುತ್ತಾ ಹೋದಳು. ಹಾಡಲ್ಲ, ಹಾಡು ಅವಳಿಗೆ ಬರುತ್ತಿರಲಿಲ್ಲ. ಊರ ಸುದ್ದಿ, ಅವರಿವರ ಮೇಲಿನ ಬೈಗುಳ, ನಡುನಡುವೆ ಒಂದಿಷ್ಟು ಮುದ್ದು. ಎಮ್ಮೆ ಕಿವಿ ಆಡಿಸುತ್ತಾ ಕೇಳಿತು, ಕೇಳುತ್ತಾ ಕೇಳುತ್ತಾ ಹಾಲು ಇಳಿಸಿತು. ಅಂದಿನಿಂದ ಅದೇ ವಾಡಿಕೆಯಾಯಿತು. ಇವಳ ಮಾತು ನಿಂತರೆ ಹಾಲೂ ನಿಂತಿತು ಅಂತಲೇ ಲೆಕ್ಕ.

ಈ ನಡುವೆ ಅವಳ ಎರಡು ಕಣ್ಣಿಗೂ ಪೊರೆ ಬಂತು. ಎದುರಿಗೆ ಬಂದವರನ್ನು ನಡಿಗೆಯ ಸದ್ದಿನಿಂದಲೇ ಗುರುತು ಹಿಡಿಯುವಂತಾಯಿತು. ತುಮಕೂರಿನ ಕಣ್ಣಾಸ್ಪತ್ರೆಯಲ್ಲಿ ತೋರಿಸಿದಾಗ ಡಾಕ್ಟರಮ್ಮ, "ಪೊರೆ ಬಲಿತುಬಿಟ್ಟಿದೆ ಅಜ್ಜಿ, ಇನ್ನು ಮುಂದಕ್ಕೆ ಹಾಕಬೇಡಿ. ಆಪರೇಷನ್ ಆದಮೇಲೆ ಸ್ವಲ್ಪ ದಿನ ಬಗ್ಗೋ ಹಾಗಿಲ್ಲ, ಭಾರ ಎತ್ತೋ ಹಾಗಿಲ್ಲ, ಕೊಟ್ಟಿಗೆ ಒಳಗಂತೂ ಕಾಲೇ ಇಡಬಾರದು" ಎಂದಿದ್ದರು.

ಎರಡು ಸಲ ದಿನ ಗೊತ್ತಾಯಿತು. ಎರಡು ಸಲವೂ ಅವಳೇ ಬೇಡವೆಂದಳು. ಅಷ್ಟು ದಿನ ಚೆಲುವಿಯನ್ನು ಕರೆಯುವವರು ಯಾರು? ಹಾಲು ತುಂಬಿ ಕೆಚ್ಚಲು ಬಾತರೆ ಎಮ್ಮೆಯೇ ಕೈಬಿಟ್ಟುಹೋದೀತು. ಮಗ ತಿಮ್ಮೇಶ್ ಬೆಳಕು ಹರಿಯುವ ಮೊದಲೇ ವ್ಯಾನು ತಗೊಂಡು ಕುಣಿಗಲ್ಲಿಗೆ ಹೋಗುವವನು. ಸೊಸೆ ಶೃತಿಗೆ ಕರೆಯುವ ಕೈ ಚೆನ್ನಾಗಿತ್ತು, ಆದರೆ ಎಮ್ಮೆ ಅವಳಿಗೆ ಒಲಿದಿರಲಿಲ್ಲ.

ಮೂರನೇ ಸಲ ದಿನ ಗೊತ್ತಾದಾಗ ಶೃತಿ ಬಿಡಲಿಲ್ಲ. "ಅತ್ತೆ, ಅದಕ್ಕೆ ಬೇಕಾಗಿರೋದು ನಿಮ್ಮ ಕೈಯಲ್ಲ, ನಿಮ್ಮ ಬಾಯಿ. ಅದನ್ನ ಫೋನಲ್ಲಿ ಹಿಡ್ಕೊಂಡ್ರೆ ಆಯ್ತಲ್ಲ!"

ಪಕ್ಕದ ಮನೆಯ ದ್ಯಾವಪ್ಪ ಗೋಡೆಯಾಚೆಯಿಂದಲೇ ನಕ್ಕ. "ಫೋನಿಗೆ ಹಾಲು ಕೊಡ್ತದಾ ಸಿದ್ದಕ್ಕ? ಕೊಟ್ರೆ ನಾನೇ ಬಂದು ನಿಮ್ಮ ಕೊಟ್ಟಿಗೆ ಸಗಣಿ ಬಾಚ್ತೀನಿ ಬುಡು."

"ಆಡಿದ ಮಾತು ನೆನಪಿರ್ಲಿ ಕಣೋ ದ್ಯಾವ" ಎಂದಳು ಸಿದ್ದಲಕ್ಷ್ಮಮ್ಮ.

ಶೃತಿ ಅತ್ತೆಯ ಮಾತನ್ನು ವಿಡಿಯೋ ಮಾಡಿದಳು. ಮರುದಿನ ನಸುಕಿನಲ್ಲಿ ಫೋನನ್ನು ಎಮ್ಮೆಯ ಮುಂದೆ ಒರಗಿಸಿಟ್ಟು ಕರೆಯಲು ಕೂತಳು. ಆ ಕತ್ತಲೆಯಲ್ಲಿ ಧಗ್ಗನೆ ಹೊಳೆದ ಬೆಳಕು ಕಂಡು ಚೆಲುವಿ ಹಿಂದಕ್ಕೆ ಜಗ್ಗಿ ಒದ್ದಿತು. ಬಕೆಟ್ಟು ಉರುಳಿ ಬಾಗಿಲಿಗೆ ಬಂತು. ಫೋನಿಗೆ ಟವೆಲ್ಲು ಮುಚ್ಚಿ ಮತ್ತೆ ಕೂತರೆ, ಎಮ್ಮೆ ಇನ್ನೇನು ಹಾಲು ಇಳಿಸುತ್ತಿದೆ ಅನ್ನುವಾಗ ಚಾರ್ಜು ಮುಗಿದು ಮಾತು ನಿಂತೇಹೋಯಿತು. ಹಾಲೂ ನಿಂತಿತು. ಊರಿನ ಟ್ರಾನ್ಸ್‌ಫಾರ್ಮರ್ ಸುಟ್ಟು ಕರೆಂಟಿಲ್ಲದೆ ದಿನಗಳಾಗಿದ್ದವು. ಶೃತಿಯ ಹಳೇ ಫೋನು ತಿಮ್ಮೇಶನ ವ್ಯಾನಿನಲ್ಲಿ ಕುಣಿಗಲ್ಲಿಗೆ ಹೋಗಿ ಬಂದರೇ ಅದಕ್ಕೆ ಚಾರ್ಜು. ಉಳಿದ ಹಾಲನ್ನು ಸಿದ್ದಲಕ್ಷ್ಮಮ್ಮನೇ ಕೂತು ಕರೆದಳು.

"ಆಸ್ಪತ್ರೆ ಬ್ಯಾಡ ಬುಡವ್ವ" ಎಂದಳು ಎದ್ದು ಬರುತ್ತಾ. "ನನ್ನ ಕಣ್ಣು ಇಷ್ಟಕ್ಕೇ ಅಂತ ಇರ್ಬೇಕು."

ಆದರೆ ಅವಳ ಮನಸ್ಸು ಅಲ್ಲಿಗೆ ನಿಲ್ಲಲಿಲ್ಲ. ಆ ಸಂಜೆ ಕುಣಿಗಲ್ಲಿಂದ ಚಾರ್ಜಾಗಿ ಬಂದ ಫೋನನ್ನು ಜಗಲಿಯ ಮೇಲೆ ಕೂತು ಮುಖದ ಹತ್ತಿರ ಹಿಡಿದಳು. ಅವಳ ಕಣ್ಣಿಗೆ ಕಂಡದ್ದು ಬೆಳ್ಳಗಿನ ಒಂದು ಕಲೆ ಮಾತ್ರ. ಫೋನು ಅಂದರೆ ಅವಳಿಗೆ ಮೊದಲಿನಿಂದಲೂ ಕಿವಿಗೆ ಹಿಡಿಯುವುದು, ನೋಡುವುದಲ್ಲ.

"ಶೃತಿ, ಈ ಬೆಳ್ಳಗೆ ಉರೀತಿರೋದು ಏನೇ?"

"ನಿಮ್ಮ ಮುಖ ಅತ್ತೆ."

"ಎಮ್ಮೆಗೆ ನನ್ನ ಮುಖ ಯಾಕೆ? ನಾನು ಕೂರೋದು ಅದರ ಹೊಟ್ಟೆ ಪಕ್ಕ. ಕರೆಯೋವಾಗ ಅದು ಯಾವತ್ತು ನನ್ನ ಮುಖ ನೋಡೈತೆ?" ಫೋನನ್ನು ಹಿಂದೆ ಮುಂದೆ ತಿರುಗಿಸುತ್ತಾ ಮತ್ತೆ ಕೇಳಿದಳು. "ಚಾರ್ಜು ಕುಡೀತಿರೋದು ಮಾತಾ, ಈ ಬೆಳಕಾ?"

"ಬೆಳಕೇ ಅತ್ತೆ ಜಾಸ್ತಿ ಕುಡಿಯೋದು."

"ಮತ್ತೆ ಆರ್ಸು ಅದನ್ನ."

ಶೃತಿ ಪಕ್ಕದ ಬಟನ್ ಒತ್ತಿದಳು. ಬೆಳಕು ಆರಿತು, ಜೊತೆಗೆ ಮಾತೂ ನಿಂತಿತು. "ವಿಡಿಯೋ ಅಲ್ವಾ ಅತ್ತೆ, ಸ್ಕ್ರೀನ್ ಆಫ್ ಆದ್ರೆ ಇದೂ ನಿಂತೋಗ್ತದೆ."

"ಹಂಗಾದ್ರೆ ಮಾತು ಮಾತ್ರ ಹಿಡಿ. ಆಗಿನ ಟೇಪ್‌ರೆಕಾರ್ಡಲ್ಲಿ ಮುಖ ಬರ್ತಿತ್ತಾ?"

ಶೃತಿ ಹಣೆ ಚಚ್ಚಿಕೊಂಡಳು. "ಅಯ್ಯೋ, ಇದ್ರಲ್ಲೇ ರೆಕಾರ್ಡರ್ ಐತೆ ಅತ್ತೆ! ನಂಗೆ ಹೊಳೀಲೇ ಇಲ್ಲ ನೋಡಿ."

ಅವತ್ತು ಹಾಲು ಕರೆಯುವಾಗ ಸಿದ್ದಲಕ್ಷ್ಮಮ್ಮ ಫೋನನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೇ ಕೂತಳು. ಮೊದಲಿಂದ ಕೊನೆಯವರೆಗೂ ಎಂದಿನ ಮಾತು, ಎಂದಿನ ಬೈಗುಳ. ಮಾರನೆಯ ನಸುಕಿನಲ್ಲಿ ಶೃತಿ ಅದನ್ನು ಹಾಕಿ ಪಕ್ಕದ ಬಟನ್ ಒತ್ತಿದಳು. ಫೋನು ಕಪ್ಪಾಯಿತು. ಮಾತು ಮಾತ್ರ ನಡೆದೇ ಇತ್ತು. ಅತ್ತೆಯ ಹಾಗೆಯೇ ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಅತ್ತೆ ಕೂರುವ ಜಾಗದಲ್ಲೇ ಕೂತಳು.

ಸಿದ್ದಲಕ್ಷ್ಮಮ್ಮ ಕೊಟ್ಟಿಗೆಯ ಗೋಡೆಯಾಚೆ ಕಿವಿಗೊಟ್ಟು ನಿಂತಿದ್ದಳು. ಒಳಗಿನಿಂದ ತನ್ನದೇ ದನಿ ಕೇಳುತ್ತಿತ್ತು: "ಏ ಚೆಲುವಿ, ಬಿಂಕ ಸಾಕು, ನಿಲ್ಲು ನೆಟ್ಟಗೆ..." ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಬರೀ ಬಕೆಟ್ಟಿನ ತಳಕ್ಕೆ ಚೊಂಯ್ ಎಂದು ಮೊದಲ ಧಾರೆ ಬಿತ್ತು. ಇನ್ನೊಂದು ಬಿತ್ತು. ಬರಬರುತ್ತಾ ಸದ್ದು ದಪ್ಪವಾಗಿ ನೊರೆಯೊಳಗೆ ಮುಳುಗಿತು. ಬಕೆಟ್ಟು ತುಂಬುತ್ತಿದೆ ಅನ್ನುವುದು ಅವಳಿಗೆ ಆ ಸದ್ದಿನಿಂದಲೇ ಗೊತ್ತು.

"ಅತ್ತೆ, ಪೂರ್ತಿ ಕೊಡ್ತು!" ಶೃತಿ ಕುಣಿಯುತ್ತಲೇ ಹೊರಗೆ ಬಂದಳು. "ಚಾರ್ಜು ಇಳಿದೇ ಇಲ್ಲ ಅನ್ನಂಗೈತೆ ನೋಡಿ!"

"ನಂಗೇನು ತೋರಿಸ್ತೀಯ, ಬ್ಯಾಗಿಗೆ ಸೀರೆ ತುಂಬು. ತುಮಕೂರಿಗೆ ಹೊರಡೋದೇ ಸೈ."

ಆಪರೇಷನ್ ಸುಸೂತ್ರವಾಯಿತು. ಆಮೇಲೆ ಅವಳು ಗುಬ್ಬಿಯಲ್ಲಿ ತಂಗಿ ಹನುಮಂತಮ್ಮನ ಮನೆಯಲ್ಲಿ ಕಪ್ಪು ಕನ್ನಡಕ ಹಾಕಿಕೊಂಡು ಉಳಿದಳು. "ಕಣ್ಣು ಹೆಂಗೈತೆ ಅಂತ ಕೇಳ್ದೋರಿಗೆಲ್ಲಾ ಎಮ್ಮೆ ಸುದ್ದಿ ಹೇಳ್ತೀಯಲ್ಲಕ್ಕ" ಎಂದು ತಂಗಿ ರೇಗಿಸುತ್ತಿದ್ದಳು. ಹೇಳದೆ ಇರುವುದು ಹೇಗೆ? ಊರಿನಿಂದ ದಿನವೂ ಸುದ್ದಿ ಬರುತ್ತಿತ್ತು. ಒಂದು ದಿನವಂತೂ ಶೃತಿ ನಗು ತಡೆಯಲಾರದೆ ಫೋನಿನಲ್ಲೇ ಬಿಕ್ಕಳಿಸಿದಳು.

ನಡೆದದ್ದು ಇಷ್ಟು. ಅಂದು ನಸುಕಿನಲ್ಲಿ ದ್ಯಾವಪ್ಪ ಇವರ ಬಣವೆಯಿಂದ ಒಂದು ತೆಕ್ಕೆ ಹುಲ್ಲು ಹಿರಿದುಕೊಂಡು ಕೊಟ್ಟಿಗೆಯ ಪಕ್ಕದಲ್ಲೇ ಹೋಗುತ್ತಿದ್ದ. ಒಳಗೆ ದೀಪವಿಲ್ಲ, ಫೋನಿನ ಬೆಳಕೂ ಇಲ್ಲ. ಆ ಕತ್ತಲೆಯೊಳಗಿಂದ ಸಿದ್ದಲಕ್ಷ್ಮಮ್ಮನ ದನಿ ಸ್ಪಷ್ಟವಾಗಿ ಹೇಳಿತು: "ಆ ದ್ಯಾವ ನಮ್ಮ ಬಣವೇಲಿ ಹುಲ್ಲು ಹಿರೀತಾನೆ ಕಣೇ ಚೆಲುವಿ. ನಂಗೆ ಕಣ್ಣು ಕಾಣಲ್ಲ ಅಂತ ತಿಳ್ಕಂಡವ್ನೆ."

ದ್ಯಾವಪ್ಪ ನಿಂತಲ್ಲೇ ಹುಲ್ಲು ಕೆಳಗೆ ಹಾಕಿದ. "ಇಲ್ಲ ಸಿದ್ದಕ್ಕ, ಇದೊಂದೇ ಸಲ! ನೀನು ಯಾವಾಗ ಬಂದೆ?"

"ಬಾಯಿ ಮುಚ್ಕಂಡು ನಿಲ್ಲು!" ಎಂದಿತು ಒಳಗಿನ ದನಿ. ಅದು ಹೇಳಿದ್ದು ಎಮ್ಮೆಗೆ.

ಸಿದ್ದಲಕ್ಷ್ಮಮ್ಮ ಊರಿಗೆ ಬಂದಿಳಿದದ್ದು ಸಂಜೆ, ಹಾಲು ಕರೆಯುವ ಹೊತ್ತಿಗೆ. ಕೊಟ್ಟಿಗೆಗೆ ಕಾಲಿಡಲು ಇನ್ನೂ ಅಪ್ಪಣೆಯಿರಲಿಲ್ಲ, ಬಾಗಿಲಾಚೆಯೇ ನಿಂತಳು. ಒಳಗೆ ತನ್ನ ದನಿ ಬೈಯುತ್ತಿತ್ತು. ಚೆಲುವಿ ಎಂದು ಕೂಗಬೇಕೆಂದು ಬಾಯಿಗೆ ಬಂತು, ಎರಡು ಕಡೆಯಿಂದ ಒಂದೇ ದನಿ ಕೇಳಿದರೆ ಎಮ್ಮೆ ಗಾಬರಿಯಾದೀತೆಂದು ತಡೆದುಕೊಂಡಳು. ಓರೆಯಾಗಿ ಬಿದ್ದ ಬಿಸಿಲಿನಲ್ಲಿ ಸೊಸೆಯ ಬೆರಳುಗಳ ನಡುವಿನಿಂದ ಹಾಲಿನ ಎಳೆ ಹೊಳೆಯುತ್ತಾ ಇಳಿಯುತ್ತಿತ್ತು. ಎಷ್ಟೋ ಕಾಲದಿಂದ ಅವಳು ಅದನ್ನು ಬರೀ ಕೇಳಿದ್ದಳು. ಈಗ ಎಳೆ ಎಳೆಯಾಗಿ ನೋಡಿದಳು.

ಕೊಟ್ಟಿಗೆಯ ಆ ತುದಿಯಲ್ಲಿ ಯಾರೋ ಬಗ್ಗಿ ಸಗಣಿ ಬಾಚುತ್ತಿದ್ದರು. ನಡಿಗೆಯ ಸದ್ದು ಬೇಕಾಗಲಿಲ್ಲ, ಮುಖವೇ ಕಾಣುತ್ತಿತ್ತು.

ಶೃತಿ ಬಕೆಟ್ಟು ಎತ್ತಿಕೊಂಡಮೇಲೆ ದ್ಯಾವಪ್ಪ ಸೊಂಟ ಹಿಡಿದುಕೊಂಡು ನೆಟ್ಟಗಾದ. "ಸಿದ್ದಕ್ಕ, ಆ ಹುಲ್ಲಿನ ಮಾತೊಂದನ್ನ ಅಳಿಸ್ಬುಡಕ್ಕೆ ಹೇಳವ್ವ. ದಿನಾ ಎರಡು ಹೊತ್ತೂ ನನ್ನ ಮಾನ ಹೋಗ್ತೈತೆ."

"ಆ ಮಾತು ಬಂದಾಗ್ಲೇ ಕಣೋ ಅದು ಚೆನ್ನಾಗಿ ಹಾಲು ಇಳಿಸೋದು" ಎಂದಳು ಸಿದ್ದಲಕ್ಷ್ಮಮ್ಮ. "ಅಲ್ಲಿ, ಮೂಲೇಲಿ ಇನ್ನೂ ಉಳಿದೈತೆ ನೋಡು. ನಂಗೆ ಕಾಣ್ತೈತೆ."